ಬ್ಯಾಲೆನ್ಸ್ ಶೀಟಲ್ಲಿ 5.6 ಕೋಟಿ ಸರ್ಪ್ಲಸ್, ಬ್ಯಾಂಕಲ್ಲಿ 6 ಲಕ್ಷ: ಡಿವಿಡೆಂಡ್ ಕೊಡಬಹುದೇ, ವಿಎಂಸಿ ಮಷೀನು ತಗೊಳ್ಳಬಹುದೇ?

ಪೀಣ್ಯ_ಫಿಕ್ಸ್ಚರ್ (ಪ್ರಶ್ನೆ)

ನಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ. ಆಟೊ ಬಿಡಿಭಾಗದವರಿಗೆ ಎಸ್‌ಪಿಎಂ (ಒಂದೇ ಕೆಲಸಕ್ಕೆಂದು ಕಟ್ಟುವ ವಿಶೇಷ ಮಷೀನು) ಮತ್ತು ಹೈಡ್ರಾಲಿಕ್ ಫಿಕ್ಸ್ಚರ್ (ಬಿಡಿಭಾಗವನ್ನು ಹಿಡಿದಿಡುವ ಸಾಧನ) ಮಾಡಿಕೊಡುತ್ತೇವೆ. 2024-25ರ ವಹಿವಾಟು 18 ಕೋಟಿ, ತೆರಿಗೆ ಕಳೆದ ಲಾಭ 92 ಲಕ್ಷ, ಡಿಪ್ರಿಸಿಯೇಷನ್ (ಸವಕಳಿ) 58 ಲಕ್ಷ. ಆಡಿಟ್ ಇನ್ನೂ ಮುಗಿದಿಲ್ಲ. 31-3-2025ರ ಡ್ರಾಫ್ಟ್ ಹೀಗಿದೆ (ಎಲ್ಲ ಲಕ್ಷದಲ್ಲಿ):

ಷೇರು ಬಂಡವಾಳ 100, ರಿಸರ್ವ್ಸ್ ಅಂಡ್ ಸರ್ಪ್ಲಸ್ 640, ಟರ್ಮ್ ಲೋನ್ 140 (ಕಂತು ವರ್ಷಕ್ಕೆ 42 ಲಕ್ಷ), ಡೈರೆಕ್ಟರುಗಳು ಕೊಟ್ಟ ಸಾಲ 90, ಸಿಸಿ (ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲ) 310 (ಲಿಮಿಟ್ 325), ಸಪ್ಲೈಯರ್ ಬಾಕಿ 280, ಗಿರಾಕಿಗಳ ಅಡ್ವಾನ್ಸ್ 190, ಇತರೆ 60, ಡೆಫರ್ಡ್ ಟ್ಯಾಕ್ಸ್ (ಮುಂದೆ ಕಟ್ಟಬೇಕಾದ ತೆರಿಗೆ) 20. ಒಟ್ಟು 1830.

ಆ ಕಡೆ: ಸ್ಥಿರ ಆಸ್ತಿ 520; ಸ್ಟಾಕ್ 640 (ಕಚ್ಚಾ ಮಾಲು ಮತ್ತು ಬಾಟ್‌ಔಟ್ (ಹೊರಗಿನಿಂದ ಕೊಂಡ ಸಿದ್ಧ ಭಾಗ) 230, ಡಬ್ಲ್ಯುಐಪಿ (ಅರ್ಧ ಆದ ಕೆಲಸ) 370, ಸಿದ್ಧ ಮಾಲು 40); ಬರಬೇಕಾದ ಬಾಕಿ 540; ಜಿಎಸ್‌ಟಿ ಕ್ರೆಡಿಟ್, ಟಿಡಿಎಸ್ 62; ಬ್ಯಾಂಕ್ ಗ್ಯಾರಂಟಿಗೆ ಇಟ್ಟ ಎಫ್‌ಡಿ 48; ಕೈಯಲ್ಲಿ ಮತ್ತು ಬ್ಯಾಂಕಲ್ಲಿ 6; ಚಿಲ್ಲರೆ 14.

ರಿಸರ್ವ್ಸ್ 640ರಲ್ಲಿ 80 ಜಾಗದ ಮರುಮೌಲ್ಯಮಾಪನದ್ದು. ಉಳಿದ 560 ವರ್ಷಾವರ್ಷ ಹಂಚದೆ ಉಳಿಸಿಕೊಂಡ ಲಾಭ. ಇಲ್ಲಿವರೆಗೆ ಡಿವಿಡೆಂಡ್ ಕೊಟ್ಟೇ ಇಲ್ಲ.

ಪ್ರಶ್ನೆ ಮೂರು. ಒಂದು: 560 ಲಾಭ ಉಳಿಸಿಕೊಂಡಿದ್ದೇವೆ ಅಂದರೆ ಆ ದುಡ್ಡು ಎಲ್ಲಿದೆ? ಎರಡು: ಶೇ 40 ಪಾಲಿರುವ ನನ್ನ ತಮ್ಮನಿಗೆ (ಅವನೂ ಡೈರೆಕ್ಟರ್) ಮನೆ ಕಟ್ಟಲು 24 ಲಕ್ಷ ಬೇಕು. ಸರ್ಪ್ಲಸ್‌ನಿಂದ ಅವನಿಗೆ ಮಾತ್ರ ಕೊಡಬಹುದೇ, ಇಲ್ಲವೇ ಸಾಲ ಅಂತ ಬರೆದು ಕೊಡಬಹುದೇ? ಮೂರು: ಹೊರಗಿನ ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮಷೀನು) ಜಾಬ್‌ವರ್ಕ್ ಬಿಲ್ ತಿಂಗಳಿಗೆ ಸುಮಾರು 1.9 ಲಕ್ಷ ಬರ್ತಿದೆ. ಉಳಿಸಿಕೊಂಡ ಲಾಭದಿಂದ 48 ಲಕ್ಷದ ವಿಎಂಸಿ ತಗೊಂಡರೆ ಹೇಗೆ?

ಲೆಕ್ಕದ_ಹಾಳೆ

ಒಂದನೇ ಪ್ರಶ್ನೆಗೆ ಉತ್ತರ ನೀವೇ ಬರೆದಿದ್ದೀರಿ, ಆಸ್ತಿಗಳ ಪಟ್ಟಿ ನೋಡಿ. ಸರ್ಪ್ಲಸ್ ಅನ್ನುವುದು ಬಂಡವಾಳದ ಮೂಲ, ಅದು ಪೆಟ್ಟಿಗೆಯಲ್ಲಿ ಕೂತ ದುಡ್ಡಲ್ಲ. 560 ಈಗ ಅರ್ಧ ಜೋಡಿಸಿದ ಮಷೀನು, ಮಷೀನು ಕೂರಿಸಿ ಓಡಿಸಿ ತೋರಿಸುವವರೆಗೆ ಗಿರಾಕಿ ತಡೆಹಿಡಿದ ಶೇ 10, ಶೆಡ್ಡು, ಲೇತ್ ಆಗಿ ಕೂತಿದೆ.

ಒಂದು ವರ್ಷದ್ದನ್ನಾದರೂ ಬಿಡಿಸಿ ನೋಡಿದರೆ ಮನಸ್ಸಿಗೆ ಹತ್ತುತ್ತದೆ. 31-3-2024ರ ಬ್ಯಾಲೆನ್ಸ್ ಶೀಟ್ ಪಕ್ಕಕ್ಕಿಟ್ಟು ಪ್ರತಿ ಸಾಲಿನ ವ್ಯತ್ಯಾಸ ಬರೆಯಿರಿ: ಸ್ಟಾಕ್, ಡೆಟರ್ಸ್ (ಬರಬೇಕಾದ ಬಾಕಿ), ಅಡ್ವಾನ್ಸ್, ಕ್ರೆಡಿಟರ್ಸ್ (ಸಪ್ಲೈಯರ್ ಬಾಕಿ), ಸಿಸಿ, ಟರ್ಮ್ ಲೋನ್, ಹೊಸ ಆಸ್ತಿ. ಇಷ್ಟೇ ಸಾಲು ಹಾಕಿ, ಅಂಕಿ ಕೊಡಿ.

ಪೀಣ್ಯ_ಫಿಕ್ಸ್ಚರ್

ಸ್ಟಾಕ್ 64 ಏರಿದೆ, ಡೆಟರ್ಸ್ 71 ಏರಿದೆ. ಗಿರಾಕಿ ಅಡ್ವಾನ್ಸ್ 25 ಇಳಿದಿದೆ. ಸಪ್ಲೈಯರ್ ಬಾಕಿ 22 ಏರಿದೆ. ಸಿಸಿ 55 ಏರಿದೆ. ಟರ್ಮ್ ಲೋನ್ ಕಂತು 42 ಕಟ್ಟಿದ್ದೇವೆ. ಒಂದು ಸರ್ಫೇಸ್ ಗ್ರೈಂಡರ್ ಮತ್ತು ಅಳತೆ ಸಲಕರಣೆ ಸೇರಿ 30. ಬೇರೆ ಸಾಲುಗಳಲ್ಲಿ ಹೆಚ್ಚುಕಮ್ಮಿ ಇಲ್ಲ.

ಲೆಕ್ಕದ_ಹಾಳೆ

ಸರಿ. ಲಾಭ 92, ಜೊತೆಗೆ ದುಡ್ಡು ಹೊರಹೋಗದ ಡಿಪ್ರಿಸಿಯೇಷನ್ 58, ಒಟ್ಟು 150 ಒಳಗೆ ಹುಟ್ಟಿತು. ಸಪ್ಲೈಯರ್‌ಗೆ ತಡ ಮಾಡಿ 22, ಬ್ಯಾಂಕಿನಿಂದ 55. ಒಳಬಂದದ್ದು 227.

ಹೋದದ್ದು: ಕಂತು 42, ಮಷೀನು 30, ಸ್ಟಾಕ್ 64, ಡೆಟರ್ಸ್ 71, ಅಡ್ವಾನ್ಸ್ ಕರಗಿದ್ದು 25. ಒಟ್ಟು 232. ಕೊರತೆ 5. ಕಳೆದ ವರ್ಷ ಬ್ಯಾಂಕಲ್ಲಿ 11 ಇದ್ದಿರಬೇಕು, ಈಗ 6, ಅಲ್ಲವೇ?

ಇಲ್ಲಿ ಕಣ್ಣಿಡಬೇಕಾದ್ದು 64 + 71 + 25 = 160. ವರ್ಷವಿಡೀ ದುಡಿದ 150 ಪೂರ್ತಿ ಅಲ್ಲೇ ಹೂತುಹೋಗಿ ಇನ್ನೂ 10 ಸಾಲ ಬೇಕಾಯಿತು. ಕಂತು, ಗ್ರೈಂಡರ್ ಎರಡನ್ನೂ ನೀವು ಸಿಸಿ ಮತ್ತು ಸಪ್ಲೈಯರ್ ದುಡ್ಡಿನಲ್ಲಿ ಕಟ್ಟಿದ್ದೀರಿ. ಸಿಸಿಯಲ್ಲಿ ಮಷೀನು ಕೊಳ್ಳುವುದು ಎಸ್‌ಪಿಎಂ ಕಂಪನಿಗಳ ಹಳೇ ಕಾಯಿಲೆ. ಮುಂದೆ ಒಂದು ಆರ್ಡರ್ ತಡವಾದರೂ ಸಂಬಳಕ್ಕೆ ಜಾಗ ಇರುವುದಿಲ್ಲ.

ತೆರಿಗೆಯನ್ನೂ ಮರೆಯಬೇಡಿ. ಆ 280 ಬಾಕಿಯಲ್ಲಿ ಫ್ಯಾಬ್ರಿಕೇಷನ್, ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್ ಮಾಡಿಕೊಡುವ ಸಣ್ಣ ಘಟಕಗಳದ್ದು ಎಷ್ಟು? ಉದ್ಯಮ್ ನೋಂದಣಿ ಇರುವ ಮೈಕ್ರೊ, ಸ್ಮಾಲ್ ಉತ್ಪಾದಕರಿಗೆ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಆ ಗಡುವು ಮೀರಿ ಮಾರ್ಚ್ 31ಕ್ಕೆ ಬಾಕಿ ಇದ್ದ ಮೊತ್ತ ಆದಾಯ ತೆರಿಗೆ ಕಾಯ್ದೆ 1961ರ 43ಬಿ(ಎಚ್) ಪ್ರಕಾರ ಆ ವರ್ಷದ ಖರ್ಚಾಗಿ ಸಿಗುವುದಿಲ್ಲ. ಅಂಥದ್ದು 85 ಇದೆ ಎಂದುಕೊಂಡರೆ, ಅದೇ ಕಾಯ್ದೆಯ 115ಬಿಎಎ ದರ (ಸರ್ಚಾರ್ಜ್, ಸೆಸ್ ಸೇರಿ ಶೇ 25.168) ಹಾಕಿದಾಗ 21.4 ಲಕ್ಷ ಹೆಚ್ಚು ತೆರಿಗೆ ಈಗಲೇ ಕಟ್ಟಬೇಕು. ಬಾಕಿ ತೀರಿಸಿದ ವರ್ಷ ವಾಪಸ್ ಸಿಗುತ್ತದೆ, ಆದರೆ ಅಲ್ಲಿವರೆಗೆ ದುಡ್ಡು ನಿಮ್ಮದಲ್ಲ.

ಕಾಯ್ದೆ_ಕಡತ

ಎರಡನೇ ಪ್ರಶ್ನೆಗೆ.

ತಮ್ಮನಿಗೆ ಮಾತ್ರ ಡಿವಿಡೆಂಡ್ ಕೊಡಲು ಆಗುವುದಿಲ್ಲ. ಒಂದೇ ವರ್ಗದ ಷೇರಿಗೆ ಒಂದೇ ದರ. ಶೇ 40ಕ್ಕೆ 24 ಬರಬೇಕಾದರೆ ಒಟ್ಟು 60 ಘೋಷಿಸಬೇಕು, ಅಂದರೆ ಷೇರು ಬಂಡವಾಳದ ಶೇ 60. ಉಳಿದ 36 ನಿಮಗೂ ಮಿಕ್ಕವರಿಗೂ ಹೋಗುತ್ತದೆ.

ಕಂಪನಿ ಕಾಯ್ದೆ 2013ರ ಸೆಕ್ಷನ್ 123ರ ಪ್ರಕಾರ ಆ ವರ್ಷದ ಲಾಭದಿಂದ, ಅಥವಾ ಹಿಂದಿನ ವರ್ಷಗಳ ಹಂಚದ ಲಾಭದಿಂದ, ಅಥವಾ ಎರಡರಿಂದಲೂ ಕೊಡಬಹುದು. ಮರುಮೌಲ್ಯದ 80 ಮುಟ್ಟುವ ಹಾಗಿಲ್ಲ, ಅದು ಫ್ರೀ ರಿಸರ್ವ್ (ಹಂಚಬಹುದಾದ ರಿಸರ್ವ್) ಅಲ್ಲ. ಈ ವರ್ಷದ 92 ಗಟ್ಟಿಯಾಗಿ ನಿಂತರೆ 60ಕ್ಕೆ ಕಾನೂನಿನ ಅಡ್ಡಿ ಇಲ್ಲ.

ಲಾಭ ಸಾಲದೆ ಫ್ರೀ ರಿಸರ್ವ್‌ಗೆ ವರ್ಗಾಯಿಸಿದ ಹಳೇ ಲಾಭಕ್ಕೆ ಕೈಹಾಕಿದರೆ 2014ರ ಡಿವಿಡೆಂಡ್ ನಿಯಮಗಳ 3ನೇ ನಿಯಮ ಬರುತ್ತದೆ. ತೆಗೆಯುವ ಮೊತ್ತ ಹಿಂದಿನ ಆಡಿಟ್ ಆದ ಲೆಕ್ಕದ ಷೇರು ಬಂಡವಾಳ ಮತ್ತು ಫ್ರೀ ರಿಸರ್ವ್ ಮೊತ್ತದ ಹತ್ತನೇ ಒಂದು ಭಾಗ ಮೀರಬಾರದು. ನಿಮ್ಮ ಲೆಕ್ಕದಲ್ಲಿ 31-3-2024ರ ಸರ್ಪ್ಲಸ್ 468, ಬಂಡವಾಳ 100, ಮಿತಿ 56.8. ತೆಗೆದದ್ದನ್ನು ಮೊದಲು ಆ ವರ್ಷದ ನಷ್ಟಕ್ಕೆ ಹೊಂದಿಸಬೇಕು. ಉಳಿದ ರಿಸರ್ವ್ ಬಂಡವಾಳದ ಶೇ 15ಕ್ಕಿಂತ ಕೆಳಗೆ ಇಳಿಯಬಾರದು. ಹಿಂದಿನ ಮೂರು ವರ್ಷದ ಸರಾಸರಿ ದರದ ಮಿತಿಯೂ ಇದೆ, ಆದರೆ ಆ ಮೂರೂ ವರ್ಷ ಡಿವಿಡೆಂಡೇ ಕೊಡದ ನಿಮಗೆ ಅದು ಅನ್ವಯಿಸುವುದಿಲ್ಲ. 1956ರ ಕಾಯ್ದೆಯಲ್ಲಿದ್ದಂತೆ ಲಾಭದ ಒಂದಿಷ್ಟು ಪಾಲನ್ನು ರಿಸರ್ವ್‌ಗೆ ಕಡ್ಡಾಯವಾಗಿ ಸಾಗಿಸುವ ಕಟ್ಟುಪಾಡು ಈಗ ಇಲ್ಲ. ಸುಮ್ಮನೆ ರೂಢಿಗೆ ಜನರಲ್ ರಿಸರ್ವ್‌ಗೆ ಹಾಕಿ ತಾವೇ ಗಂಟು ಹಾಕಿಕೊಳ್ಳುವವರು ಇನ್ನೂ ಇದ್ದಾರೆ. ಲಾಭ-ನಷ್ಟ ಖಾತೆಯ ಸರ್ಪ್ಲಸ್ಸಲ್ಲೇ ಬಿಡಿ.

ಕ್ರಮ: ಲೆಕ್ಕಕ್ಕೆ ಬೋರ್ಡ್ ಒಪ್ಪಿಗೆ, ದರದ ಶಿಫಾರಸು; ಸೆಪ್ಟೆಂಬರ್ 30ರೊಳಗಿನ ಎಜಿಎಂನಲ್ಲಿ (ವಾರ್ಷಿಕ ಸಾಮಾನ್ಯ ಸಭೆ) ಘೋಷಣೆ (ಬೋರ್ಡ್ ಹೇಳಿದ್ದಕ್ಕಿಂತ ಹೆಚ್ಚು ಮಾಡುವಂತಿಲ್ಲ); 5 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಪೂರ್ತಿ ದುಡ್ಡು; 30 ದಿನದೊಳಗೆ ಪಾವತಿ. ಇಲ್ಲಿ ಎಡವುವುದು ಆ 5 ದಿನದಲ್ಲಿ. ‘ಬಿಲ್ ಬಂದಾಗ ಕೊಟ್ಟರಾಯಿತು’ ಎಂದು ಘೋಷಿಸಿಬಿಟ್ಟರೆ ಅದು ಕಂಪನಿಯ ಮೇಲಿನ ಸಾಲವಾಗುತ್ತದೆ, ಡೈರೆಕ್ಟರುಗಳ ಮೇಲೆ ಶಿಕ್ಷೆಯೂ ಬರಬಹುದು. ಶೇ 10 ಟಿಡಿಎಸ್, 60ಕ್ಕೆ 6 ಲಕ್ಷ.

ಇನ್ನೊಂದು: ಡೈರೆಕ್ಟರುಗಳು ಕೊಟ್ಟ 90ಕ್ಕೆ ‘ಇದು ನಮ್ಮ ಸ್ವಂತ ದುಡ್ಡು, ಸಾಲ ತಂದದ್ದಲ್ಲ’ ಎಂಬ ಲಿಖಿತ ಘೋಷಣೆ ಕಡತದಲ್ಲಿದೆಯೇ? ಇಲ್ಲದಿದ್ದರೆ ಅದು ಡೆಪಾಸಿಟ್ ಎಂದಾಗುತ್ತದೆ, ಸೆಕ್ಷನ್ 73 ಪಾಲಿಸದ ಕಂಪನಿ ಡಿವಿಡೆಂಡ್ ಘೋಷಿಸುವಂತೆಯೇ ಇಲ್ಲ.

ಸಾಲದ ದಾರಿ ಬಿಡಿ. ಶೇ 10 ಅಥವಾ ಹೆಚ್ಚು ಮತದ ಹಕ್ಕಿರುವ ಷೇರುದಾರರಿಗೆ ಇಂಥ ಕಂಪನಿ ಕೊಟ್ಟ ಸಾಲ, ಸಂಚಿತ ಲಾಭ ಇರುವಷ್ಟೂ, ಆದಾಯ ತೆರಿಗೆ ಕಾಯ್ದೆ 1961ರ 2(22)(ಇ) ಪ್ರಕಾರ ಡಿವಿಡೆಂಡ್ ಎಂದೇ ಎಣಿಕೆ. ನಿಮ್ಮಲ್ಲಿ ಸಂಚಿತ ಲಾಭ 560 ಇದೆ, ಪೂರ್ತಿ 24 ತೆರಿಗೆಗೆ ಸಿಕ್ಕುತ್ತದೆ. ತಮ್ಮ ಬಡ್ಡಿ ಕಟ್ಟಿದರೂ, ಮುಂದೆ ತೀರಿಸಿದರೂ ಬದಲಾಗುವುದಿಲ್ಲ. ಮೇಲಾಗಿ ಡೈರೆಕ್ಟರ್‌ಗೆ ಸಾಲ ಕಂಪನಿ ಕಾಯ್ದೆಯ ಸೆಕ್ಷನ್ 185ರಲ್ಲಿ ನಿಷಿದ್ಧ. ಪ್ರೈವೇಟ್ ಕಂಪನಿಗೆ 2015ರ ವಿನಾಯಿತಿ ಇದೆ, ಆದರೆ ಅದರ ಷರತ್ತುಗಳಲ್ಲಿ ಒಂದು, ಬ್ಯಾಂಕ್ ಇತ್ಯಾದಿಗಳ ಸಾಲ ಷೇರು ಬಂಡವಾಳದ ಎರಡು ಪಟ್ಟಿಗಿಂತ ಕಡಿಮೆ ಇರಬೇಕು. ನಿಮ್ಮ ಬಂಡವಾಳ 100, ಸಾಲ 450.

ಲೆಕ್ಕದ_ಹಾಳೆ

ಕಾಯ್ದೆಯವರು ಹೇಳಿದ್ದಕ್ಕೆ ಒಂದು ಬಾಲ. ತಮ್ಮ ಕಾರ್ಖಾನೆಯಲ್ಲಿ ನಿಜವಾಗಿ ದುಡಿಯುತ್ತಿದ್ದರೆ ಸಂಭಾವನೆ ಹೆಚ್ಚಿಸುವುದು ಅಗ್ಗ. ಡಿವಿಡೆಂಡ್ 24 ಕೊಡಲು ಕಂಪನಿ ತೆರಿಗೆಗೆ ಮುಂಚೆ 32.07 ದುಡಿದಿರಬೇಕು. ಆ 24ರ ಮೇಲೆ ಶೇ 30ರ ಹಂತದವರು ಸೆಸ್ ಸೇರಿ ಶೇ 31.2 ಕಟ್ಟಿದರೆ ಕೈಗೆ 16.5. ಅದೇ 32.07 ಸಂಭಾವನೆಯಾದರೆ ಕಂಪನಿಗೆ ಖರ್ಚು ಸಿಗುತ್ತದೆ, ಕೈಗೆ ಸುಮಾರು 22. ಸೆಕ್ಷನ್ 197ರ ಶೇಕಡಾವಾರು ಮಿತಿ ಪಬ್ಲಿಕ್ ಕಂಪನಿಗೆ, ನಿಮಗಲ್ಲ. ಕೆಲಸಕ್ಕೆ ತಕ್ಕಷ್ಟೇ ಇರಲಿ, ವಿಪರೀತವಾದರೆ ಆದಾಯ ತೆರಿಗೆಯವರು 40ಎ(2) ಹಾಕಿ ಹೆಚ್ಚುವರಿಯನ್ನು ಕತ್ತರಿಸುತ್ತಾರೆ. ಹಾಗೇ ಆ 90ರಲ್ಲಿ ತಮ್ಮನ ಹೆಸರಿನದು ಎಷ್ಟು? ಅವನು ಕೊಟ್ಟ ಆ ಸಾಲವನ್ನು ಕಂಪನಿ ತೀರಿಸಿದರೆ ಅವನಿಗೆ ತೆರಿಗೆಯೇ ಇಲ್ಲ. ಬ್ಯಾಂಕ್ ಬಿಡುತ್ತದೆಯೇ ಅನ್ನುವುದು ಬೇರೆ ಮಾತು.

ಸ್ಪಿಂಡಲ್_ರನ್‌ಔಟ್

ಎಲ್ಲರೂ 560 ಇದೆ ಅಂದುಕೊಂಡೇ ಮಾತಾಡ್ತಿದ್ದೀರಿ. ಆ 560 ನಿಜವಾ ಅಂತ ಯಾರೂ ಕೇಳಲಿಲ್ಲ. 18 ಕೋಟಿ ವಹಿವಾಟಿಗೆ 370 ಡಬ್ಲ್ಯುಐಪಿ ಅಂದ್ರೆ ಸುಮಾರು ಎರಡೂವರೆ ತಿಂಗಳ ಮಾರಾಟ ಶೆಡ್ಡಲ್ಲಿ ಅರ್ಧಂಬರ್ಧ ನಿಂತಿದೆ. ಎಸ್‌ಪಿಎಂ ಅಂಗಡಿಯಲ್ಲಿ ಲಾಭ ಉಬ್ಬೋದು ಇಲ್ಲೇ. ಖರ್ಚು ಮಾಡಿದ್ದೆಲ್ಲಾ ಡಬ್ಲ್ಯುಐಪಿಗೆ ಏರಿಸ್ತಾ ಹೋದ್ರೆ ನಷ್ಟ ಕಾಣಲ್ಲ, ಮಷೀನು ಡಿಸ್ಪ್ಯಾಚ್ ಆದ ದಿನ ಒಟ್ಟಿಗೆ ಕಾಣುತ್ತೆ.

ವರ್ಕ್ ಆರ್ಡರ್ ಪ್ರಕಾರ ಪಟ್ಟಿ ತೆಗೀರಿ. ಪ್ರತಿ ಮಷೀನಿಗೆ ಐದು ಅಂಕಣ: ಆರ್ಡರ್ ಬೆಲೆ (ಜಿಎಸ್‌ಟಿ ಬಿಟ್ಟು), ಇಲ್ಲಿವರೆಗಿನ ಖರ್ಚು, ಮುಗಿಸಕ್ಕೆ ಇನ್ನೆಷ್ಟು, ಗಿರಾಕಿ ಹತ್ರ ಕೂರಿಸಿ ಪ್ರೂವ್ ಮಾಡಿ (ಓಡಿಸಿ ತೋರಿಸಿ) ಕೊಡೋ ಖರ್ಚು, ಕೊನೇ ಬಾರಿ ಅದರ ಮೇಲೆ ಗಂಟೆ ಬುಕ್ ಆದ ತಾರೀಖು. ಆರ್ಡರ್ 42 ಲಕ್ಷದ ಒಂದು ಡ್ರಿಲ್ಲಿಂಗ್-ಟ್ಯಾಪಿಂಗ್ ಎಸ್‌ಪಿಎಂ ತಗೊಳ್ಳಿ. ಖರ್ಚು 39 ಆಗಿದೆ, ಮುಗಿಸಕ್ಕೆ 9, ಕೂರಿಸಕ್ಕೆ 2. ಒಟ್ಟು 50, ಎಂಟು ಲಕ್ಷ ಲಾಸ್. ಎಎಸ್-2 (ಸ್ಟಾಕಿಗೆ ಬೆಲೆ ಕಟ್ಟೋ ಲೆಕ್ಕದ ಮಾನದಂಡ) ಪ್ರಕಾರ ಅದನ್ನು 39ಕ್ಕೆ ತೋರಿಸುವಂತಿಲ್ಲ, 42 − 9 − 2 = 31ಕ್ಕೆ ತರಬೇಕು. 8 ಈ ವರ್ಷವೇ ಲಾಭದಿಂದ ಹೋಗುತ್ತೆ. ಗಂಟೆ ಬುಕ್ ಆಗಿ ಆರು ತಿಂಗಳಾದ ಮಷೀನು ಪಟ್ಟೀಲಿದ್ರೆ ಮೊದಲು ಅದರ ಹತ್ರ ಹೋಗಿ ನಿಂತ್ಕೊಳ್ಳಿ. ಸಾಮಾನ್ಯವಾಗಿ ಕಾಂಪೊನೆಂಟ್ ಡ್ರಾಯಿಂಗೇ ಬದಲಾಗಿರುತ್ತೆ, ಫಿಕ್ಸ್ಚರ್ ಬಾಡಿ ಸ್ಕ್ರ್ಯಾಪು.

ಡಬ್ಲ್ಯುಐಪಿಗೆ ಸೇರಿಸಬಾರದ್ದು ಏನೇನು ಸೇರಿದೆ ನೋಡಿ. ಬೋರ್ ದೊಡ್ಡದಾಗಿ ಎರಡನೇ ಸಲ ಮಾಡಿದ ಸ್ಪಿಂಡಲ್ ಹೌಸಿಂಗ್, ಡಿಸೈನ್ ತಪ್ಪಿಂದ ಬಿಸಾಕಿದ ಇಂಡೆಕ್ಸ್ ಪ್ಲೇಟು, ಆಫೀಸ್ ಸಂಬಳ, ಮಾರಾಟದ ಓಡಾಟ. ವಿಪರೀತ ವೇಸ್ಟೇಜ್ ಮತ್ತು ಆಡಳಿತ ಖರ್ಚು ಆಯಾ ವರ್ಷದ್ದೇ ಖರ್ಚು. ಓವರ್‌ಹೆಡ್ ಹಂಚೋದೂ ಮಾಮೂಲಿ ಸಾಮರ್ಥ್ಯದ ಮೇಲೆ. ಕೆಲಸ ಕಮ್ಮಿ ಇದ್ದ ವರ್ಷ ಖಾಲಿ ಕೂತ ಗಂಟೆ ದರಾನ ಇರೋ ಎರಡು ಮಷೀನಿನ ಮೇಲೆ ಹೇರಿದ್ರೆ ಅದೂ ಸುಳ್ಳು ಲಾಭವೇ.

ಬಾಟ್‌ಔಟ್ 230ರ ರ್‍ಯಾಕ್ ನೋಡಿ. ರದ್ದಾದ ಆರ್ಡರಿನ ಸರ್ವೋ ಡ್ರೈವು, ಕಂಪನಿ ನಿಲ್ಲಿಸಿದ ಮಾಡೆಲಿನ ಪಿಎಲ್‌ಸಿ ಕಾರ್ಡು, ಪ್ಯಾಕಿಂಗ್ ಬಿಚ್ಚಿ ಎಣ್ಣೆ ಒಣಗಿದ ಬಾಲ್‌ಸ್ಕ್ರೂ, ಜೋಡಿ ತಪ್ಪಿದ ಲೀನಿಯರ್ ಗೈಡ್ ಬ್ಲಾಕು. ಎರಡು ವರ್ಷ ಅಲ್ಲಾಡದ್ದಕ್ಕೆ ಕೊಂಡ ಬೆಲೆ ಇಟ್ರೆ ಯಾರೂ ನಂಬಲ್ಲ.

ಮಾರ್ಚ್ ಕೊನೇ ವಾರದ ಬಿಲ್ಲುಗಳನ್ನೂ ತೆಗೀರಿ. ಲಾರಿ ಹತ್ತಿಸಿ ಬಿಲ್ ಹಾಕಿದ್ದೀರಿ, ಆದ್ರೆ ಕೂರಿಸಿ ತೋರಿಸಿದ ಮೇಲೇ ಗಿರಾಕಿ ಒಪ್ಪೋದು ಅಂತ ಪಿಒನಲ್ಲಿ (ಗಿರಾಕಿಯ ಖರೀದಿ ಆದೇಶ) ಇದ್ರೆ, ಎಎಸ್-9 (ಆದಾಯ ಹಿಡಿಯೋ ಮಾನದಂಡ) ಪ್ರಕಾರ ಆ ಮಾರಾಟ ಹಿಡಿಯೋದು ಒಪ್ಪಿಗೆ ಆದಾಗ. ಕೂರಿಸೋದು ಬರೀ ಪ್ಲಗ್ ಚುಚ್ಚೋ ಕೆಲಸ ಆದ್ರೆ ಬೇರೆ, ಎಸ್‌ಪಿಎಂನಲ್ಲಿ ಹಾಗಿರಲ್ಲ. ವಾರಂಟಿಗೆ ಎಷ್ಟು ತೆಗೆದಿಟ್ಟಿದ್ದೀರಿ ಅನ್ನೋದೂ ಅಷ್ಟೇ. ಹಿಂದಿನ ಮೂರು ವರ್ಷದ ಸರ್ವಿಸ್ ಖರ್ಚು ಮಾರಾಟದ ಶೇಕಡಾ ಎಷ್ಟು ಅಂತ ತೆಗೆದು ಅಷ್ಟು ಇಡಿ.

ಪೀಣ್ಯ_ಫಿಕ್ಸ್ಚರ್

ಪಟ್ಟಿ ತೆಗೆಸಿದೆ. ಡಬ್ಲ್ಯುಐಪಿಯಲ್ಲಿ ಎರಡು ಮಷೀನು ಸೇರಿ 22 ಕಮ್ಮಿ ಮಾಡಬೇಕಾಗುತ್ತೆ. ಅಲ್ಲಾಡದ ಬಾಟ್‌ಔಟ್‌ನಲ್ಲಿ 18. ಡೆಟರ್ಸ್‌ನಲ್ಲಿ 90 ದಿನದೊಳಗಿನದು 290, 90ರಿಂದ 180 ದಿನ 110, ಅದರ ಮೇಲೆ 140. ಆ 140ರಲ್ಲಿ 35 ಬರೋ ನಂಬಿಕೆ ಇಲ್ಲ. 90 ದಿನ ದಾಟಿದ 250ರಲ್ಲಿ 115 ಲಕ್ಷ ಶೇ 10ರ ರಿಟೆನ್ಷನ್ (ಗಿರಾಕಿ ತಡೆಹಿಡಿದದ್ದು). ಅದರಲ್ಲಿ 70 ಮಷೀನು ಓಡ್ತಾ ಇರೋ ಕಡೆಯದು, 45 ಇನ್ನೂ ಪ್ರೂವ್ ಆಗಿಲ್ಲ.

ಲೆಕ್ಕದ_ಹಾಳೆ

22 + 18 + 35 = 75. ತೆರಿಗೆ ಪರಿಣಾಮ ಕಳೆದರೆ ಸುಮಾರು 56. ಈ ವರ್ಷದ ಲಾಭ 92ರಿಂದ 36ಕ್ಕೆ, ಸರ್ಪ್ಲಸ್ 560ರಿಂದ 504ಕ್ಕೆ. ಒಂದು ಎಚ್ಚರ: 35ರ ಡೆಟರ್ಸ್ ಪ್ರಾವಿಷನ್‌ಗೆ ಈಗ ತೆರಿಗೆಯಲ್ಲಿ ವಿನಾಯಿತಿ ಇಲ್ಲ, ಪುಸ್ತಕದಲ್ಲಿ ರೈಟ್‌ಆಫ್ ಮಾಡಿದಾಗ ಮಾತ್ರ. ಅಷ್ಟರ ಮಟ್ಟಿಗೆ ಡೆಫರ್ಡ್ ಟ್ಯಾಕ್ಸ್ ಆಸ್ತಿ ಬರೆಯುತ್ತೀರಿ, ದುಡ್ಡು ಉಳಿಯುವುದಿಲ್ಲ.

60 ಡಿವಿಡೆಂಡ್ ಕೊಟ್ಟರೆ ಈಗ ಈ ವರ್ಷದ 36 ಮುಗಿದು 24 ಹಳೇ ವರ್ಷಗಳ ಸರ್ಪ್ಲಸ್‌ನಿಂದ. ಕಾನೂನು ಒಪ್ಪಬಹುದು. ನಾನಾದರೆ ಸಹಿ ಹಾಕುವ ಮುಂಚೆ ಬ್ಯಾಂಕ್ ಕಡೆ ನೋಡುತ್ತಿದ್ದೆ.

ಡಿಪಿ_ಲೆಕ್ಕ

ಬ್ಯಾಂಕ್ ಕಡೆಯದು ನಾನು ಹೇಳ್ತೀನಿ. ಸಿಸಿ ಲಿಮಿಟ್ 325 ಅನ್ನೋದು ಮೇಲ್ಮಿತಿ ಅಷ್ಟೇ, ಎಳೆಯೋಕೆ ಸಿಗೋದು ಡ್ರಾಯಿಂಗ್ ಪವರ್ (ಡಿಪಿ, ಸ್ಟಾಕ್ ಮತ್ತು ಡೆಟರ್ಸ್ ಮೇಲೆ ಬ್ಯಾಂಕ್ ಲೆಕ್ಕ ಹಾಕೋ ಮಿತಿ) ಇರುವಷ್ಟು. ಸ್ಯಾಂಕ್ಷನ್ ಲೆಟರ್ ತೆಗೆದು ಮಾರ್ಜಿನ್ (ಬ್ಯಾಂಕ್ ಎಣಿಸದೆ ಬಿಡೋ ಪಾಲು) ನೋಡಿ. ಸ್ಟಾಕಿಗೆ ಶೇ 25, ಡೆಟರ್ಸಿಗೆ ಶೇ 40, 90 ದಿನ ಮೀರಿದ ಡೆಟರ್ಸ್ ಬಿಟ್ಟು ಎಂದಿದ್ದರೆ:

ಸ್ಟಾಕ್ 640, ಸಪ್ಲೈಯರ್ ಬಾಕಿ 280 ಕಳೆದು 360. ಗಿರಾಕಿ ಅಡ್ವಾನ್ಸ್ 190 ಕಳೆಯುವ ಬ್ಯಾಂಕ್ ಆದರೆ 170. ಅದರ ಶೇ 75, 127.5. ಡೆಟರ್ಸ್ 290ರ ಶೇ 60, 174. ಒಟ್ಟು 301.5. ನಿಮ್ಮ ಸಿಸಿ 310ರಲ್ಲಿದೆ, ಅಂದರೆ ಈಗಲೇ 8.5 ಮೇಲೆ. ಸ್ಟಾಕಿನಿಂದ ಆ 40 (22 + 18) ಇಳಿಸಿದರೆ ಡಿಪಿ ಇನ್ನೂ 30 ಕುಸಿದು 271.5. ಅಡ್ವಾನ್ಸ್ ಕಳೆಯದ ಬ್ಯಾಂಕ್ ಆದರೆ ಡಿಪಿ 325 ದಾಟುತ್ತೆ, ತೊಂದರೆ ಇಲ್ಲ. ಎಲ್ಲ ನಿಂತಿರೋದು ಲೆಟರಿನ ಆ ಒಂದು ಸಾಲಿನ ಮೇಲೆ. ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಲ್ಲಿ ಸತ್ತ ಸ್ಟಾಕ್ ತೋರಿಸಿ ಡಿಪಿ ಹಿಡಿದಿಡೋಕೆ ಹೋಗಬೇಡಿ, ಸ್ಟಾಕ್ ಆಡಿಟ್‌ನವರು ಮೊದಲು ನೋಡೋದೇ ಆ ರ್‍ಯಾಕು.

ಕರೆಂಟ್ ರೇಷಿಯೊ: ಚಾಲ್ತಿ ಆಸ್ತಿ 1310, ಸಿಸಿ, ಸಪ್ಲೈಯರ್, ಅಡ್ವಾನ್ಸ್, ಇತರೆ, ಮುಂದಿನ ವರ್ಷದ ಕಂತು ಸೇರಿ ಚಾಲ್ತಿ ಬಾಕಿ 882; ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಕಾಗದದಲ್ಲಿ 1.49. ಆರು ತಿಂಗಳು ಮೀರಿದ 140 ಮತ್ತು ಗ್ಯಾರಂಟಿಗೆ ಅಡವಿರುವ ಎಫ್‌ಡಿ 48 ತೆಗೆದರೆ 1122, ರೇಷಿಯೊ 1.27. ಬ್ಯಾಂಕಿನವರು ರೂಢಿಯಲ್ಲಿ ಕೇಳುವುದು 1.33. ಡಿವಿಡೆಂಡ್ 60 ಸಿಸಿಯಿಂದ ಕೊಟ್ಟರೆ 1.19.

ನೆಟ್‌ವರ್ತ್ ಲೆಕ್ಕದಲ್ಲಿ ಮರುಮೌಲ್ಯದ 80 ಬಿಡ್ತಾರೆ: 100 + 560. ಡೈರೆಕ್ಟರುಗಳ 90 ‘ಬ್ಯಾಂಕ್ ಸಾಲ ಇರುವವರೆಗೆ ತೆಗೆಯುವುದಿಲ್ಲ’ ಎಂದು ಬರೆದುಕೊಟ್ಟಿದ್ದರೆ ಅದನ್ನೂ ಸ್ವಂತ ಬಂಡವಾಳದ ಜೊತೆ ಎಣಿಸ್ತಾರೆ. ಆಗ ಹೊರಸಾಲ 1000ಕ್ಕೆ ನೆಟ್‌ವರ್ತ್ 750, ಅಂದರೆ 1.33. ಆ 90 ಎತ್ತಿದರೆ 660 ಮಾತ್ರ. ತಮ್ಮನ ಸಾಲ ತೀರಿಸೋ ಯೋಚನೆಗೆ ಇದೇ ಅಡ್ಡಿ, ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ. ಡಿವಿಡೆಂಡಿಗೂ ಮುಂಚಿತ ಒಪ್ಪಿಗೆ ಬೇಕೆಂಬ ಷರತ್ತು ಬಹಳಷ್ಟು ಲೆಟರುಗಳಲ್ಲಿ ಇರುತ್ತೆ.

ಸ್ಪಿಂಡಲ್_ರನ್‌ಔಟ್

ವಿಎಂಸಿಗೆ ಬರೋಣ. 48 ಅನ್ನೋದು ಕೊಟೇಷನ್ ಬೆಲೆ. ಫೌಂಡೇಶನ್, ಸ್ಟೆಬಿಲೈಸರ್, ಗಾಳಿ ಲೈನು, ಬಿಟಿ40 ಹೋಲ್ಡರು, ಕಾಲೆಟ್ಟು, ಎರಡು ವೈಸು, ಮೊದಲ ಸೆಟ್ ಕಟರ್‌ಗೆ ಇನ್ನೂ 7 ಇಡಿ. ಜಿಎಸ್‌ಟಿ ಶೇ 18, 8.64. ಬ್ಯಾಂಕ್ ಮಾರ್ಜಿನ್ ಶೇ 25 ಕೇಳಿದ್ರೆ 12. ಜಿಎಸ್‌ಟಿಗೆ ಸಾಲ ಕೊಡದಿದ್ರೆ ಕೈಯಿಂದ 27.64 ಮೊದಲೇ ಹೋಗುತ್ತೆ. ಜಿಎಸ್‌ಟಿ ಕ್ರೆಡಿಟ್ ಸಿಗುತ್ತೆ (ಆ ಭಾಗದ ಮೇಲೆ ಡಿಪ್ರಿಸಿಯೇಷನ್ ಹಾಕದಿದ್ರೆ), ಆದ್ರೆ ಮಷೀನು ಡಿಸ್ಪ್ಯಾಚ್ ಆಗದೆ ನಿಮ್ಮ ಕ್ರೆಡಿಟ್ ಈಗಾಗಲೇ ಕೂತಿದೆ.

ಸಾಲ 36, ಬಡ್ಡಿ ಶೇ 10.5, ಐದು ವರ್ಷ ಅಂತ ಹಿಡಿದ್ರೆ ಕಂತು ತಿಂಗಳಿಗೆ 77,400. ಎರಡು ಶಿಫ್ಟ್ ಆಪರೇಟರ್ 50,000, ಕರೆಂಟು 20,000, ಟೂಲಿಂಗ್ 25,000, ರಿಪೇರಿ 10,000. ಒಟ್ಟು 1.82 ಲಕ್ಷ. ಹೊರಗೆ ಕೊಡ್ತಿರೋದು 1.9. ಉಳಿಯೋದು ಎಂಟು ಸಾವಿರ, ಅದೂ ನೀವು ಹಾಕೋ 27 ಲಕ್ಷಕ್ಕೆ ಬಡ್ಡಿ ಹಿಡಿಯದೆ. ಗಂಟೆಗೆ 600 ಅಂತ ಹಿಡಿದ್ರೆ 1.9 ಲಕ್ಷ ಅಂದ್ರೆ 317 ಗಂಟೆ. ಎರಡು ಶಿಫ್ಟ್, 25 ದಿನ, ಸೆಟಪ್ ಎಲ್ಲ ಕಳೆದು ಮುಕ್ಕಾಲು ಹೊತ್ತು ಸ್ಪಿಂಡಲ್ ಓಡಿದ್ರೆ 300. ನಿಮ್ಮದು ಒಂದೊಂದೇ ಪೀಸಿನ ಕೆಲಸ, ಸೆಟಪ್ಪೇ ಜಾಸ್ತಿ, ಮುಕ್ಕಾಲು ಬರಲ್ಲ. ದುಡ್ಡಿಗೋಸ್ಕರ ಬೇಡ. ಹೊರಗಡೆ ಪೊಸಿಷನ್ ಟಾಲರೆನ್ಸ್ ತಪ್ಪಿ ಅಸೆಂಬ್ಲಿ ನಿಲ್ತಾ ಇದ್ರೆ ಮಾತ್ರ ತಗೊಳ್ಳಿ, ಆಗ ಲೆಕ್ಕ ಬೇರೆ.

ತಗೊಂಡ್ರೆ ಟರ್ಮ್ ಲೋನಲ್ಲೇ. ಅಕ್ಟೋಬರ್ ಮೊದಲ ದಿನಗಳೊಳಗೆ ಓಡಿಸಿ, 180 ದಿನ ಬಳಕೆ ಆಗದಿದ್ರೆ ಆದಾಯ ತೆರಿಗೆಯ ಶೇ 15ರಲ್ಲಿ ಅರ್ಧ ಮಾತ್ರ ಆ ವರ್ಷಕ್ಕೆ.

ಪೀಣ್ಯ_ಫಿಕ್ಸ್ಚರ್

ವಿಎಂಸಿ ಸದ್ಯಕ್ಕೆ ಕೈಬಿಟ್ಟೆ. ಒಬ್ಬರು ಹೇಳಿದರು, ಸರ್ಪ್ಲಸ್‌ನಲ್ಲಿ 200 ಬೋನಸ್ ಷೇರು ಮಾಡಿದರೆ ಬಂಡವಾಳ 300 ಆಗುತ್ತೆ, ಬ್ಯಾಂಕ್ ಖುಷಿ ಆಗುತ್ತೆ ಅಂತ. ಹೌದೇ?

ಕಾಯ್ದೆ_ಕಡತ

ಸೆಕ್ಷನ್ 63ರಲ್ಲಿ ಮಾಡಬಹುದು. ಆರ್ಟಿಕಲ್ಸ್‌ನಲ್ಲಿ ಅವಕಾಶ ಇರಬೇಕು, ಬೋರ್ಡ್ ಶಿಫಾರಸಿನ ಮೇಲೆ ಸಾಮಾನ್ಯ ಸಭೆಯ ಒಪ್ಪಿಗೆ ಬೇಕು, ಮರುಮೌಲ್ಯದ ರಿಸರ್ವ್ ಬಳಸುವಂತಿಲ್ಲ. ಅಧಿಕೃತ ಬಂಡವಾಳ ಸಾಲದಿದ್ದರೆ ಎಸ್‌ಎಚ್-7 ಫಾರಂ ಮತ್ತು ಅದರ ಶುಲ್ಕ, ಹಂಚಿಕೆಯಾದ ಮೇಲೆ ಪಿಎಎಸ್-3 ಫಾರಂ. ನೆಟ್‌ವರ್ತ್ ಒಂದು ರೂಪಾಯಿಯೂ ಏರುವುದಿಲ್ಲ, ಹೆಸರು ಮಾತ್ರ ಈ ಸಾಲಿನಿಂದ ಆ ಸಾಲಿಗೆ. ಬ್ಯಾಂಕಿಗೆ ಸಿಗುವ ಲಾಭ ಒಂದೇ: ಬಂಡವಾಳವಾದ 200 ಇನ್ನು ಡಿವಿಡೆಂಡ್ ಆಗಿ ಹೊರಹೋಗುವುದಿಲ್ಲ. ಬಂಡವಾಳ 300 ಆದರೆ ಸೆಕ್ಷನ್ 185ರ ಎರಡು ಪಟ್ಟು ಷರತ್ತು 600 ಆಗಿ ನಿಮ್ಮ 450 ಅದರೊಳಗೆ ಬರುತ್ತದೆ, ನಿಜ. ಆದರೆ ಉಳಿದ ಸರ್ಪ್ಲಸ್ ಇರುವಷ್ಟು ಕಾಲ 2(22)(ಇ) ಅಲ್ಲೇ ಇರುತ್ತದೆ, ಆದ್ದರಿಂದ ಸಾಲದ ಆಸೆಗೆ ಬೋನಸ್ ಮಾಡಬೇಡಿ.

ಡಿಪಿ_ಲೆಕ್ಕ

ಬೋನಸ್ ಬದಲು ರಿಟೆನ್ಷನ್ ಹಿಂದೆ ಬೀಳಿ. ಓಡ್ತಿರೋ ಮಷೀನುಗಳ ಆ 70ಕ್ಕೆ ಪರ್ಫಾರ್ಮೆನ್ಸ್ ಬ್ಯಾಂಕ್ ಗ್ಯಾರಂಟಿ ಕೊಟ್ಟು ದುಡ್ಡು ಬಿಡಿಸಿಕೊಳ್ಳೋದನ್ನ ಎಷ್ಟೋ ಗಿರಾಕಿಗಳು ಒಪ್ತಾರೆ, ಪಿಒದಲ್ಲಿ ಒಂದು ತಿದ್ದುಪಡಿ ಸಾಕು. ಗ್ಯಾರಂಟಿ ಲಿಮಿಟ್ ಬೇಕು. ಮಾರ್ಜಿನ್ ಶೇ 15 ಅಂದರೆ ಎಫ್‌ಡಿ 10.5. ಕಮಿಷನ್ ವರ್ಷಕ್ಕೆ ಶೇ 2 ಅಂತ ಹಿಡಿದರೆ 1.4, ಮೇಲೆ ಜಿಎಸ್‌ಟಿ. ಕೈಗೆ 59.5 ಬರುತ್ತೆ, ಅದನ್ನು ಸಿಸಿಗೆ ಹಾಕಿದರೆ ಶೇ 10.5ರ ಲೆಕ್ಕದಲ್ಲಿ ವರ್ಷಕ್ಕೆ 6.2 ಬಡ್ಡಿ ಉಳಿತಾಯ. ಗ್ಯಾರಂಟಿಯ ಅವಧಿ ವಾರಂಟಿ ಮುಗಿಯುವ ದಿನಕ್ಕೆ ಕಟ್ಟಿ, ಕ್ಲೇಮ್ ಅವಧಿ ಪ್ರತ್ಯೇಕ ಬರೆಸಿ. ತಾರೀಖಿಲ್ಲದೆ ‘ಗಿರಾಕಿ ಬಿಡುವವರೆಗೆ’ ಅಂತ ಬರೆದ ಡ್ರಾಫ್ಟಿಗೆ ಸಹಿ ಹಾಕಿದರೆ ಆ ಎಫ್‌ಡಿ ವರ್ಷಗಟ್ಟಲೆ ಬಿಡುಗಡೆ ಆಗಲ್ಲ.

ಪ್ರೂವ್ ಆಗದ 45ಕ್ಕೆ ಮಷೀನು ತಲುಪಿ 15 ದಿನದೊಳಗೆ ಗಿರಾಕಿಯಿಂದ ಲಿಖಿತ ಆಕ್ಷೇಪ ಬಂದಿದೆಯಾ ನೋಡಿ. ಬರದಿದ್ದರೆ ಎಂಎಸ್‌ಎಂಇಡಿ ಕಾಯ್ದೆ (ಸಣ್ಣ ಉದ್ಯಮಗಳದ್ದು) ಪ್ರಕಾರ ತಲುಪಿದ ದಿನವೇ ಒಪ್ಪಿದ ದಿನ ಅಂತ ಎಣಿಕೆ, 45 ದಿನದ ಗಡಿಯಾರ ಅಲ್ಲಿಂದಲೇ. ಪಿಒದಲ್ಲಿ ಪ್ರೂವಿಂಗ್ ಮೇಲೆ ಶೇ 10 ಅಂತ ನೀವೇ ಸಹಿ ಮಾಡಿರೋದರಿಂದ ಗಿರಾಕಿ ವಾದ ಮಾಡ್ತಾರೆ, ಆದರೂ ಕಾಗದ ನಿಮ್ಮ ಕೈಲಿರಲಿ. ಶೇ 90ರ ಬಿಲ್ಲುಗಳಿಗೆ ಟ್ರೆಡ್ಸ್ (ಬಿಲ್ ಡಿಸ್ಕೌಂಟ್ ಮಾಡಿಸಿ ಬೇಗ ದುಡ್ಡು ಪಡೆಯೋ ಆನ್ಲೈನ್ ವೇದಿಕೆ) ನೋಡಿ. 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು 31-3-2025ರೊಳಗೆ ಅಲ್ಲಿ ನೋಂದಾಯಿಸಲೇಬೇಕಿತ್ತು, ನಿಮ್ಮ ಆಟೊ ಗಿರಾಕಿಗಳಲ್ಲಿ ಒಂದಿಬ್ಬರಾದರೂ ಇರ್ತಾರೆ. ಗಿರಾಕಿ ಬಿಲ್ ಒಪ್ಪಿದರೆ ಸಾಕು, ಡಿಸ್ಕೌಂಟ್ ದರ ಸಾಲದ ಮಾರುಕಟ್ಟೆಯಲ್ಲಿ ಅವರಿಗಿರೋ ವಿಶ್ವಾಸದ ಮೇಲೆ ನಿಲ್ಲುತ್ತೆ.

ಸ್ಪಿಂಡಲ್_ರನ್‌ಔಟ್

ಮುಂದಿನ ಪಿಒಗಳಿಗೆ ಒಂದು ಮಾತು. 30-60-10 (ಅಡ್ವಾನ್ಸ್, ಡಿಸ್ಪ್ಯಾಚ್, ಪ್ರೂವಿಂಗ್ ಹಂತದ ಪಾವತಿ ಶೇಕಡಾ) ಇರಲಿ, ಆದ್ರೆ 10ರ ಷರತ್ತನ್ನು ಹೀಗೆ ಬರೆಸಿ: ‘ನಮ್ಮಲ್ಲಿ ಪ್ರಿ-ಡಿಸ್ಪ್ಯಾಚ್ ಟ್ರಯಲ್‌ಗೆ 50 ಪೀಸು ಗಿರಾಕಿ ಕೊಡಬೇಕು, ಅದರಲ್ಲಿ ಒಪ್ಪಿದ ಅಳತೆಗಳಿಗೆ ಸಿಪಿಕೆ (ಅಳತೆ ಎಷ್ಟು ಸ್ಥಿರವಾಗಿ ಮಿತಿಯೊಳಗೆ ಬರುತ್ತೆ ಅನ್ನೋ ಸೂಚ್ಯಂಕ) 1.67; ಅವರ ಕಡೆ ಕೂರಿಸಿ 30 ದಿನದೊಳಗೆ ಅವರಿಂದ ಪೀಸು, ಕರೆಂಟು, ಗಾಳಿ ಸಿಗದಿದ್ದರೆ ಪ್ರೂವ್ ಆದಂತೆ.’ ಮುಕ್ಕಾಲುಪಾಲು ರಿಟೆನ್ಷನ್ ನಿಲ್ಲೋದು ಮಷೀನಿನ ದೋಷಕ್ಕಲ್ಲ, ಕಾಸ್ಟಿಂಗ್ ಬಂದಿಲ್ಲ ಅನ್ನೋ ಕಾರಣಕ್ಕೆ. ಕಾಸ್ಟಿಂಗಲ್ಲಿ ಡೇಟಮ್ ಪ್ಯಾಡ್ (ಅಳತೆಗೆ ಆಧಾರವಾಗೋ ಮುಖ) ಏರುಪೇರಿದ್ರೆ ಸಿಪಿಕೆ ತಪ್ಪಿದ ದೂರು ನಿಮ್ಮ ಮೇಲೆ ಬರುತ್ತೆ, ಆದ್ದರಿಂದ ಟ್ರಯಲ್ ಪೀಸಿನ ಒಳಬರುವ ಅಳತೆ ವರದಿಗೆ ಅವರ ಕ್ವಾಲಿಟಿಯವರ ಸಹಿ ಮೊದಲೇ ಹಾಕಿಸಿ.